ಎರಡನೇ ಸಲ ಮನೆ ಬಿಟ್ಟು ಹೊರಡೋದು: ಓದಿಗೆ ಜರ್ಮನಿಗೆ ವಾಪಸ್ ಹೋಗುವವರು ಏನೇನು ತಯಾರಿ ಮಾಡ್ಕೊಳ್ತೀರಿ?

ತೋಟದಮನೆ_ಮಾಣಿ

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯವನು. ಪೂರ್ವ ಜರ್ಮನಿಯ ಒಂದು ಊರಲ್ಲಿ ಮಾಸ್ಟರ್ಸ್ ಮಾಡ್ತಿದ್ದೇನೆ, ಒಂದು ವರ್ಷ ಮುಗೀತು. ಆಗಸ್ಟ್‌ನಲ್ಲಿ ರಜೆಗೆ ಊರಿಗೆ ಬಂದವನು ಸೆಪ್ಟೆಂಬರ್ ಕೊನೆಗೆ ಹೊರಡಬೇಕು. ಅಕ್ಟೋಬರ್ ಮಧ್ಯದಲ್ಲಿ ಕ್ಲಾಸು ಶುರು.

ಮೊದಲ ಸಲ ಹೋಗುವವರಿಗೆ ಬೇಕಾದಷ್ಟು ಮಾಹಿತಿ ಇದೆ. ಎಪಿಎಸ್ (ನಮ್ಮ ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಸರ್ಟಿಫಿಕೇಟು), ಬ್ಲಾಕ್ಡ್ ಅಕೌಂಟು (ಖರ್ಚಿನ ದುಡ್ಡು ಮೊದಲೇ ಇಟ್ಟು ತಿಂಗಳಿಗಿಷ್ಟು ಅಂತ ತೆಗೆಯುವ ಖಾತೆ), ವೀಸಾ ಸ್ಲಾಟು, ಪಟ್ಟಿಯ ಮೇಲೆ ಪಟ್ಟಿ. ಎರಡನೇ ಸಲದ ಬಗ್ಗೆ ಹುಡುಕಿದರೆ ಏನೂ ಸಿಗಲಿಲ್ಲ. ಗೊತ್ತಿರುವ ಜಾಗಕ್ಕೆ ಹೋಗೋದು ತಾನೇ, ಏನು ಕಷ್ಟ ಅನ್ನೋ ಲೆಕ್ಕ ಇರಬೇಕು.

ಮೊದಲ ಸಲ ಹೊರಟಾಗ ನಮ್ಮನೆ ಮದುವೆಮನೆ ಥರ ಇತ್ತು. ಅತ್ತೆ, ಚಿಕ್ಕಪ್ಪ, ಹೈಸ್ಕೂಲಿನ ಮಾಸ್ತರು, ಎಲ್ಲರೂ ಬಂದು ಕೈಗೊಂದು ಕವರು ಕೊಟ್ಟು ಹೋದ್ರು. ಈ ಸಲ ಯಾರಿಗೂ ಅದೊಂದು ಸುದ್ದಿಯೇ ಅಲ್ಲ. ಪೇಟೆಯಲ್ಲಿ ಸಿಕ್ಕವರು "ಯಾವಾಗ ಬಂದ್ಯೋ, ಯಾವಾಗ ಹೊರಡೋದು" ಅಂತ ಒಂದೇ ಉಸಿರಲ್ಲಿ ಕೇಳ್ತಾರೆ. ಅದರಲ್ಲಿ ಬೇಜಾರಿಲ್ಲ. ತೊಂದರೆ ಬೇರೆ. ಅಪ್ಪನಿಗೆ ಅರವತ್ತು ದಾಟಿದೆ. ನಮ್ಮದು ಅಡಿಕೆ ತೋಟ. ಈ ಮಳೆಗಾಲ ಕೊಳೆರೋಗದ ಔಷಧಿಯ ಎರಡನೇ ಸುತ್ತು ಹೊಡೆಸಲಿಕ್ಕೆ, ಮರ ಹತ್ತುವ ಕೊನೆಗೌಡ ಸಿಗದೆ ಅವರು ಪಟ್ಟ ಪಾಡನ್ನು ಕಣ್ಣಾರೆ ನೋಡಿದೆ. ಮಳೆ ಬಿಟ್ಟ ಎರಡು ದಿನದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಮರ ಹತ್ತಿಸಿ ಮುಗಿಸಬೇಕು, ಆ ಎರಡು ದಿನ ಇಡೀ ಊರಿಗೆ ಅದೇ ಇಬ್ಬರು ಗೌಡರು ಬೇಕು. ಕಳೆದ ವರ್ಷ ಇದನ್ನೇ ಫೋನಿನಲ್ಲಿ "ಎಲ್ಲ ಆತು ತಮಾ" ಅಂತ ಮುಗಿಸಿದ್ರು. ಆ ಮಾತಿನ ಹಿಂದೆ ಎಷ್ಟು ಕೆಲಸ ಇತ್ತು ಅಂತ ಈಗ ಗೊತ್ತು. ಗೊತ್ತಿದ್ದೂ ಹೊರಡಬೇಕು. ಕೊನೆಕೊಯ್ಲಿನ ಹೊತ್ತಿಗೆ ನಾನು ಇರೋದಿಲ್ಲ.

ಕೇಳಬೇಕಾದದ್ದು ಇಷ್ಟೇ. ಸಾಮಾನು, ಕಾಗದಪತ್ರದ ವಿಷಯದಲ್ಲಿ ಈ ಸಲ ನಿಜಕ್ಕೂ ಏನು ನೋಡ್ಕೊಳ್ಳಬೇಕು? ಮತ್ತೆ, ಮನೆಯವರಿಗಾಗಿ ನೀವು ಏನು ವ್ಯವಸ್ಥೆ ಮಾಡಿ ಹೊರಟಿರಿ?

---

ಧಾರವಾಡ_ಕಾಕಾ

ತಮ್ಮಾ, ಹಪ್ಪಳ ಉಪ್ಪಿನಕಾಯಿ ಆಮ್ಯಾಲ. ಮೊದಲ ನಿನ್ನ ರೆಸಿಡೆನ್ಸ್ ಕಾರ್ಡಿನ ಮ್ಯಾಲಿನ ತಾರೀಖು ನೋಡು. ಕಾರ್ಡು ಚಾಲ್ತಿ ಇದ್ರ ಚಿಂತಿ ಇಲ್ಲ. ಕಾರ್ಡಿನ ಮುದ್ದತು ಮುಗದು, ರಿನಿವಲ್‌ಗೆ ಅರ್ಜಿ ಹಾಕಿ, ಫಿಕ್ಷನ್ಸ್ ಕಾಗದ (ಹೊಸಾ ಕಾರ್ಡು ಬರೂತನಕ ಕೊಡೂ ತಾತ್ಕಾಲಿಕ ಚೀಟಿ) ಅಷ್ಟ ಹಿಡಕೊಂಡು ಊರಿಗೆ ಬಂದಿದ್ರ, ಅದನ್ನ ಬಿಚ್ಚಿ ಒಳಗ ಯಾವ ಸಾಲಿಗೆ ಗುರುತು ಹಾಕ್ಯಾರ ನೋಡು. ಜರ್ಮನಿಯ ರೆಸಿಡೆನ್ಸ್ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿಗೆ ಗುರುತು ಇದ್ರ, ಹಳೇ ಪರವಾನಿಗಿ ಹಂಗ ಮುಂದುವರದದ ಅಂತ ಅರ್ಥ. ಪಾಸ್‌ಪೋರ್ಟು, ಹಳೇ ಕಾರ್ಡು ಜೋಡಿ ತೋರಿಸಿ ಒಳಗ ಹೋಗಬಹುದು. 3ನೇ ಉಪಕಲಮಿಗೆ ಇದ್ರ ಅದು ಅಲ್ಲೇ ಇರಾಕ ಅಷ್ಟ, ಹೊರಗ ಬಂದಾಂವ ಅದರ ಮ್ಯಾಲ ತಿರುಗಿ ಒಳಗ ಹೋಗಾಕ ಬರೂದಿಲ್ಲ. ಇದು ಗೊತ್ತಿಲ್ಲದ ಊರಿಗೆ ಬಂದು ಸಿಕ್ಕಿಬಿದ್ದ ಹುಡುಗರನ್ನ ನಾ ಕಂಡೇನಿ.

4ನೇ ಉಪಕಲಮಿನ ಕಾಗದ ಇದ್ರೂ ಬೆಂಗಳೂರಿನ ಚೆಕ್‌ಇನ್ ಕೌಂಟರಿನ್ಯಾಗ ಕುಂತವರಿಗೆ ಅದರ ಪರಿಚಯ ಇರತದ ಅಂತೇನಿಲ್ಲ. ಅವರು ಸುಪರ್‌ವೈಸರನ್ನ ಕರದು, ಅವರು ಮತ್ತೊಬ್ಬರಿಗೆ ಫೋನ್ ಹಚ್ಚಿ, ಹಿಂಗ ಹೊತ್ತು ಹೋಗತದ. ಲಗೂನ ಹೋಗಿ ನಿಂದ್ರು.

ಇನ್ನೊಂದು. ಆರು ತಿಂಗಳಿಗಿಂತ ಜಾಸ್ತಿ ಹೊರಗ ಉಳದ್ರ ಪರವಾನಿಗಿ ತಾನಾಗೇ ಬಿದ್ದು ಹೋಗತದ. ನಿನ್ನದು ಎರಡು ತಿಂಗಳು, ತೊಂದರಿ ಇಲ್ಲ. ಆದರ "ಒಂದು ಸೆಮಿಸ್ಟರ್ ಮನ್ಯಾಗ ಕುಂತು ಥೀಸಿಸ್ ಬರೀತೀನಿ" ಅನ್ನೂ ವಿಚಾರ ತಲ್ಯಾಗ ಬಂದ್ರ ಇದನ್ನ ನೆನಪಿಡು.

---

ತೋಟದಮನೆ_ಮಾಣಿ

ಕಾಕಾ, ಧನ್ಯವಾದ. ಕಾರ್ಡು ಮಾರ್ಚ್‌ವರೆಗೆ ಇದೆ. ಹೋದ ಕೂಡಲೇ ರಿನಿವಲ್‌ಗೆ ಅಪಾಯಿಂಟ್‌ಮೆಂಟ್ ಹುಡುಕಬೇಕು. ಆವಾಗ ಮತ್ತೆ ಬ್ಲಾಕ್ಡ್ ಅಕೌಂಟ್ ತೋರಿಸಬೇಕಾ?

---

ಧಾರವಾಡ_ಕಾಕಾ

ಖರ್ಚಿಗೆ ರೊಕ್ಕ ಅದ ಅಂತ ತೋರಿಸಲೇಬೇಕು. 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯೂರೋ, ವರ್ಷಕ್ಕ 11,904 ಅಂತ ಲೆಕ್ಕ ಇಟ್ಟಾರ. ಬ್ಲಾಕ್ಡ್ ಅಕೌಂಟ್ ಒಂದ ದಾರಿ ಅಲ್ಲ. ಪಾರ್ಟ್‌ಟೈಮ್ ಕೆಲಸದ ಕರಾರುಪತ್ರ, ಮೂರು ತಿಂಗಳ ಪಗಾರ ಚೀಟಿ ಇದ್ರ ಅದನ್ನೂ ಭಾಳ ಕಡೆ ಹಿಡೀತಾರ. ಊರಿಂದ ಊರಿಗೆ ಆಫೀಸಿನವರ ಮರ್ಜಿ ಬ್ಯಾರೆ ಇರತದ, ನಿಮ್ಮ ಸೀನಿಯರ್ ಹುಡುಗರನ್ನ ಕೇಳು. ಅರ್ಜಿ ಮಾತ್ರ ಕಾರ್ಡು ಮುಗಿಯೂಕಿಂತ ಮೊದಲ ಹಾಕು. ತಡಾ ಆತು ಅಂದ್ರ ನಾ ಮ್ಯಾಲ ಹೇಳಿದ 4ನೇ ಉಪಕಲಮಿನ ರಕ್ಷಣಾ ಕೈ ಬಿಡತದ.

---

ಪುತ್ತೂರು_ಕುಕ್ಕರ್

ಸಾಮಾನಿನ ಬಗ್ಗೆ ನಾನು ಹೇಳ್ತೇನೆ ಮಾರಾಯ್ರೆ, ಅದರಲ್ಲಿ ನನಗೆ ಸ್ವಲ್ಪ ಅನುಭವ ಉಂಟು.

ಅಕ್ಕಿ, ಬೇಳೆ, ಜೀರಿಗೆ, ಸಾಸಿವೆ ಹೊರಬೇಡಿ. ಒಂದು ವರ್ಷ ಇದ್ದವರಿಗೆ ಇಂಡಿಯನ್ ಅಂಗಡಿ ಎಲ್ಲಿ ಉಂಟು ಅಂತ ಗೊತ್ತೇ ಇರ್ತದೆ. ಅಲ್ಲಿ ಸಿಗದ್ದು ಮಾತ್ರ ತಗೊಂಡು ಹೋಗಿ. ನನ್ನ ಪಟ್ಟಿಯಲ್ಲಿ ಮೊದಲನೆಯದ್ದು ಕುಕ್ಕರಿನ ಗ್ಯಾಸ್ಕೆಟ್ಟು. ನಗಬೇಡಿ. ಇಲ್ಲಿ ಮೂಲೆಯ ಪಾತ್ರೆ ಅಂಗಡಿಯಲ್ಲೂ ಸಿಗ್ತದೆ, ಅಲ್ಲಿ ನಮ್ಮ ಕುಕ್ಕರಿನ ಅಳತೆಗೆ ಕೂತ್ಕೊಳ್ಳುವಂಥದ್ದು ಹುಡುಕಿ ಸುಸ್ತಾಗ್ತದೆ. ಎರಡು ಗ್ಯಾಸ್ಕೆಟ್ಟು, ಒಂದು ಸೇಫ್ಟಿ ವಾಲ್ವು, ಒಂದು ವಿಸಿಲ್. ಎಲ್ಲ ಸೇರಿ ಕಾಲು ಕೆಜಿ ಇಲ್ಲ.

ಕನ್ನಡಕ ಇದ್ದರೆ ಇನ್ನೊಂದು ಜೊತೆ ಇಲ್ಲೇ ಮಾಡಿಸಿ. ಹಲ್ಲು ನೋವು ಅಂತ ಸಣ್ಣ ಸಂಶಯ ಇದ್ದರೂ ಹೊರಡುವ ಮೊದಲು ತೋರಿಸಿ. ಸ್ಟೂಡೆಂಟ್ ಇನ್ಶೂರೆನ್ಸಿಗೆ ತಿಂಗಳಿಗೆ 140 ಯೂರೋದಷ್ಟು ಕಟ್ಟಿದರೂ ಹಲ್ಲಿಗೆ ಕ್ಯಾಪು ಹಾಕಿಸುವಾಗ ನಮ್ಮ ಕಿಸೆಗೇ ಕೈ ಹೋಗ್ತದೆ. ಮಾತ್ರೆ ತಗೊಂಡು ಹೋಗುವವರು ಸ್ವಂತಕ್ಕೆ ಮೂರು ತಿಂಗಳಿಗೆ ಆಗುವಷ್ಟೇ ಇಟ್ಕೊಳ್ಳಿ, ಡಾಕ್ಟ್ರ ಚೀಟಿ ಇಂಗ್ಲಿಷಿನಲ್ಲಿ ಇರ್ಲಿ.

ಬೇಡದ್ದು ಯಾವುದು ಅಂತಲೂ ಹೇಳ್ತೇನೆ. ತುಪ್ಪ, ಪೇಡ, ಕುಂದ, ಖೋವಾ ಹಾಕಿದ ಯಾವುದೂ ಬೇಡ. ಯುರೋಪಿನ ಹೊರಗಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವ ಹಾಗೆ ಇಲ್ಲ. ಹಣ್ಣು, ತರಕಾರಿ, ಹಸಿ ಸೊಪ್ಪಿಗೂ 2019ರ ಡಿಸೆಂಬರಿನಿಂದ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಬಿಟ್ಟದ್ದು ಐದೇ ಐದು: ಅನಾನಸು, ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಮತ್ತೆ ಆ ನಾರುವ ಡುರಿಯನ್. ಹಸಿ ಕರಿಬೇವು ಆ ಪಟ್ಟಿಯಲ್ಲಿಲ್ಲ. ನೆರಳಲ್ಲಿ ಒಣಗಿಸಿ ಪುಡಿ ಮಾಡಿಸಿ ತಗೊಂಡು ಹೋಗಿ.

ತೆಂಗಿನಕಾಯಿ ಸರಿ, ಆದರೆ ಒಣಕೊಬ್ಬರಿ ಆಗ್ಲಿಕ್ಕಿಲ್ಲ! ಎಣ್ಣೆ ಅಂಶ ಜಾಸ್ತಿ ಇರುವ ಕಾರಣ ಅದು ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತುವ ವಸ್ತು ಅಂತ ವಿಮಾನದವರ ಲೆಕ್ಕ. ಬೆಂಗಳೂರಲ್ಲಿ ಸ್ಕ್ಯಾನಿಂಗಿನಲ್ಲಿ ಕಂಡರೆ ಪೆಟ್ಟಿಗೆ ಬಿಚ್ಚಿಸ್ತಾರೆ. ಪವರ್‌ಬ್ಯಾಂಕ್ ಕೈಚೀಲದಲ್ಲಿ, ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಯಲ್ಲಿ. ಇದನ್ನು ಉಲ್ಟಾ ಮಾಡುವವರು ಈಗಲೂ ಇದ್ದಾರೆ.

---

ಮಂಡ್ಯ_ಮುದ್ದೆ

ತುಪ್ಪ ನಾನು ಪ್ರತಿ ಸಲ ತಗೊಂಡೋಗಿದೀನಿ ಗುರು, ಯಾವನೂ ಕೇಳಿಲ್ಲ. ಕಸ್ಟಮ್ಸ್ ಗ್ರೀನ್ ಚಾನೆಲ್‌ನಾಗೆ ಸೀದಾ ನಡ್ಕೊಂಡೋಗು, ಅಷ್ಟೆ.

---

ಪುತ್ತೂರು_ಕುಕ್ಕರ್

ಕೇಳಿಲ್ಲ ಅಂದ್ರೆ ಬಿಡ್ತಾರೆ ಅಂತ ಅಲ್ಲ ಅಣ್ಣ. ಕೇಳಿದ ದಿನ ನಿಮ್ಮ ಅಮ್ಮ ಕಾಸಿದ ತುಪ್ಪ ನಿಮ್ಮ ಕಣ್ಣೆದುರೇ ಕಸದ ಡಬ್ಬಿಗೆ ಹೋಗ್ತದೆ. ಮೇಲಿಂದ ದಂಡವೂ ಬೀಳಬಹುದು. ಅಲ್ಲಿ ಒಳ್ಳೆ ಬೆಣ್ಣೆ ಸೂಪರ್‌ಮಾರ್ಕೆಟಿನಲ್ಲೇ ಸಿಗ್ತದೆ, ಕಾಸ್ಲಿಕ್ಕೆ ಕಾಲು ಗಂಟೆ. ಒಂದು ಚಿಟಿಕೆ ಮೆಂತೆ, ಎರಡು ಎಲೆ ವೀಳ್ಯ ಹಾಕಿದ್ರೆ ಊರಿನದ್ದೇ ಪರಿಮಳ. ವೀಳ್ಯ ಅಲ್ಲಿ ಸಿಗ್ಲಿಕ್ಕಿಲ್ಲ, ಆಯ್ತು, ಮೆಂತೆ ಸಾಕು.

---

ಬ್ಯಾಂಕ್_ರಿಟೈರ್ಡ್

ತಂದೆಯವರು ಸಾಲಕ್ಕೆ ಸಹಿ ಹಾಕಿರಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಆಧಾರ ಕೇಳುತ್ತವೆ. ಕೃಷಿ ಜಮೀನನ್ನು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ, ಹಾಗಾಗಿ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಎಕರೆಗಟ್ಟಲೆ ತೋಟವಿದ್ದರೂ ಪೇಟೆಯ ಸೈಟು, ಇಲ್ಲವೇ ಸಂಬಂಧಿಕರ ಮನೆಯ ಪತ್ರ ಬ್ಯಾಂಕಿನ ಕಪಾಟಿನಲ್ಲಿರುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಯಾರ ಪತ್ರ, ಯಾವ ಶಾಖೆ, ಲೋನ್ ಅಕೌಂಟ್ ನಂಬರ್ ಯಾವುದು ಎಂಬುದು ನಿಮಗೂ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ. ತಂದೆಯೊಬ್ಬರಿಗೇ ಗೊತ್ತಿರುವುದು ಸಾಲದು.

ಕೋರ್ಸ್ ಮುಗಿಯುವವರೆಗೆ ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಪಾರ್ಟ್‌ಟೈಮ್ ದುಡ್ಡು ಬರುತ್ತಿದ್ದರೆ ತಿಂಗಳ ಬಡ್ಡಿಯನ್ನಾದರೂ ಕಟ್ಟಿ. ಮುಂದೆ ಅಸಲಿಗೆ ಸೇರುವ ಮೊತ್ತ ನೋಡಿ ಎದೆ ಧಸಕ್ಕೆನ್ನುವುದು ತಪ್ಪುತ್ತದೆ. ಇನ್ನೊಂದು ಸಮಾಧಾನದ ಸಂಗತಿ: ಬ್ಯಾಂಕಿನ ಶಿಕ್ಷಣ ಸಾಲದ ಹಣವನ್ನು ಹೊರದೇಶಕ್ಕೆ ಕಳಿಸುವಾಗ 2025ರ ಏಪ್ರಿಲ್‌ನಿಂದ ಟಿಸಿಎಸ್ (ಕಳಿಸುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ.

ರಜೆಯಲ್ಲಿ ಊರಲ್ಲಿರುವಾಗಲೇ ಶಾಖೆಗೆ ಹೋಗಿ ನಿಮ್ಮ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸಿ. ಓದಲು ಹೋದವರೂ ವಿದೇಶಿ ವಿನಿಮಯ ಕಾಯ್ದೆಯ ಲೆಕ್ಕದಲ್ಲಿ ಅನಿವಾಸಿಗಳೇ. ಮೊದಲ ಸಲ ಗಡಿಬಿಡಿಯಲ್ಲಿ ಇದನ್ನು ಬಿಟ್ಟು ಹೋಗುವವರೇ ಹೆಚ್ಚು.

---

ತೀರ್ಥಹಳ್ಳಿ_ಅಕ್ಕ

ತಮ್ಮ, ನಿನ್ನ ಎರಡನೇ ಪ್ರಶ್ನೆಗೆ ಬರ್ತೀನಿ. ನಾನೂ ಅಡಿಕೆ ತೋಟದ ಮನೆಯವಳೇ, ಸ್ಟುಟ್‌ಗಾರ್ಟ್ ಹತ್ತಿರ ಇದ್ದೀನಿ.

ನೀನು ಬರೆದದ್ದರಲ್ಲಿ ಒಂದು ಮಾತು ಮುಖ್ಯ. "ಎಲ್ಲ ಆತು" ಅನ್ನೋದರ ಹಿಂದೆ ಏನಿದೆ ಅಂತ ಈಗ ಗೊತ್ತು ಅಂದೆಯಲ್ಲ. ಅದನ್ನು ಭಾರ ಅಂತ ಯಾಕೆ ಅಂದ್ಕೊಳ್ತೀಯ, ಅದೇ ನಿನ್ನ ಅನುಕೂಲ. ಮೊದಲ ವರ್ಷ ಎಲ್ಲರೂ ಫೋನಿನಲ್ಲಿ "ಆರಾಮಾ?" ಅಂತ ಕೇಳ್ತೀವಿ, ಅವರು "ಆರಾಮು" ಅಂತಾರೆ, ಮುಗೀತು. ಇನ್ನು ಹಾಗೆ ಕೇಳ್ಬೇಡ. ಕೊನೆಗೌಡ ಬಂದನಾ, ಮೇಲಿನ ತೋಟ ಕೊಯ್ದು ಆಯ್ತಾ, ಸುಲಿಯೋಕೆ ಯಾರು ಬರ್ತಿದ್ದಾರೆ, ಬೇಯಿಸಿದ್ದು ಒಣಗ್ತಿದೆಯಾ, ಮೋಡ ಮುಚ್ಚಿದೆಯಾ, ಈ ವಾರ ಸೊಸೈಟಿಯಲ್ಲಿ ರಾಶಿ ಅಡಿಕೆ ದರ ಎಷ್ಟು. ಹೀಗೆ ಕೇಳಿದ್ರೆ ನಮ್ಮಪ್ಪನಂಥ ಮೌನಿಯೂ ಮಾತಾಡ್ತಾರೆ. ಬೈಗುಳ ಸೇರಿಸಿ ಮಾತಾಡ್ತಾರೆ! ಕಷ್ಟ ಇದ್ದರೆ ಅದರ ನಡುವೆ ತಾನಾಗೇ ಹೊರಗೆ ಬರುತ್ತೆ.

ಸಮಯದ ಲೆಕ್ಕ ಈಗಲೇ ಕೂತು ಮಾಡ್ಕೊಳ್ಳಿ. ಅಕ್ಟೋಬರ್ ಕೊನೇ ಭಾನುವಾರ ಜರ್ಮನಿಯ ಗಡಿಯಾರ ಹಿಂದಕ್ಕೆ ಹೋಗುತ್ತೆ, ವ್ಯತ್ಯಾಸ ಮೂರೂವರೆ ಇದ್ದದ್ದು ನಾಲ್ಕೂವರೆ ಗಂಟೆ ಆಗುತ್ತೆ. ನಿಮ್ಮನೆಯಲ್ಲಿ ಒಂಬತ್ತಕ್ಕೆ ಮಲಗಿದ್ರೆ ಆಗ ನಿನಗೆ ಸಂಜೆ ನಾಲ್ಕೂವರೆ, ಲ್ಯಾಬಲ್ಲೋ ಕ್ಲಾಸಲ್ಲೋ ಇರ್ತೀಯ. ನೀನು ಬೆಳಿಗ್ಗೆ ಏಳಕ್ಕೆ ಮಾಡೋಣ ಅಂದ್ರೆ ಅಲ್ಲಿ ಹನ್ನೊಂದೂವರೆ, ಅಪ್ಪ ತೋಟದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ನಾವು ಮಾಡಿದ್ದು ದಿನಾ ಫೋನ್ ಅನ್ನೋದನ್ನೇ ಬಿಟ್ಟದ್ದು. ವಾರದಲ್ಲಿ ಎರಡು ದಿನ ಗಟ್ಟಿ, ಉಳಿದ ದಿನ ವಾಟ್ಸ್ಯಾಪಿನಲ್ಲಿ ಧ್ವನಿ ಮೆಸೇಜು. ಅಮ್ಮ ಅಡುಗೆಮನೆಯಿಂದ ಕಳಿಸುವ ಮೆಸೇಜಿನಲ್ಲಿ ಒಗ್ಗರಣೆ ಸದ್ದೇ ಜಾಸ್ತಿ, ಇರಲಿ.

ಇನ್ನು ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ರೆ ಅಪ್ಪನ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ತೋರಿಸು. ಹೆಸ್ಕಾಂ ಬಿಲ್ಲು, ಗ್ಯಾಸ್ ಬುಕಿಂಗು ನೀನೇ ಜರ್ಮನಿಯಿಂದ ಮಾಡಬಹುದು. ಅದಕ್ಕೆ ನಿನ್ನ ಇಂಡಿಯಾದ ಸಿಮ್ ಜೀವಂತ ಇರಬೇಕು, ಓಟಿಪಿ ಬರಬೇಕಲ್ಲ. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಕಡಿಮೆ ದುಡ್ಡಿನ ದೊಡ್ಡ ವ್ಯಾಲಿಡಿಟಿ ರೀಚಾರ್ಜ್ ಹಾಕ್ಕೋ.

ಒಂದು ಮಾತ್ರ ಎದುರಿಗೆ ಕೂತು ಹೇಳು, ಫೋನಿನಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ. "ನಿಮ್ಮ ಮಗ ಜರ್ಮನಿಯಲ್ಲಿ ಪೊಲೀಸ್ ಕೈಗೆ ಸಿಕ್ಕಿದ್ದಾನೆ, ದುಡ್ಡು ಹಾಕಿ" ಅಂತ ಯಾರೇ ವಿಡಿಯೋ ಕಾಲ್ ಮಾಡಿದ್ರೂ ಇಟ್ಟುಬಿಡಿ ಅಂತ. ಮಕ್ಕಳು ಹೊರಗಿರುವ ಮನೆ ಯಾವುದು ಅಂತ ಆ ಕಳ್ಳರಿಗೆ ಹೇಗೋ ಗೊತ್ತಾಗುತ್ತೆ. ನಮ್ಮನೆಯಲ್ಲಿ ನಮ್ಮ ನಾಯಿಯ ಹೆಸರನ್ನೇ ಗುರುತಿನ ಮಾತು ಮಾಡ್ಕೊಂಡಿದ್ದೀವಿ. ಅದು ಹೇಳದವನು ನಾನಲ್ಲ, ನನ್ನ ಕಡೆಯವನೂ ಅಲ್ಲ.

---

ಖಾರಾ_ಮಂಡಕ್ಕಿ

ಸ್ವಲ್ಪ ಖಾರವಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಇಲ್ಲಿ ಎಲ್ಲರೂ ಗ್ಯಾಸ್ಕೆಟ್ಟು, ತುಪ್ಪ, ಧ್ವನಿ ಮೆಸೇಜು ಅಂತ ಮಾತಾಡ್ತಿದ್ದೀರಿ. ಎರಡನೇ ವರ್ಷ ಅಂದ್ರೆ ಕೆಲಸ ಹುಡುಕುವ ವರ್ಷ. ಮಾಣಿಯವರೇ, ನಿಮ್ಮ ಜರ್ಮನ್ ಎಲ್ಲಿಗೆ ಬಂದಿದೆ? ಇಂಗ್ಲಿಷ್ ಕೋರ್ಸಿಗೆ ಸೇರಿ ಜರ್ಮನ್‌ನ ಮೊದಲ ಹಂತ ಎ1 ಮುಗಿಸಿ ಸುಮ್ಮನಾಗುವ ನಮ್ಮ ಹುಡುಗರು ಆಮೇಲೆ ನೂರಾರು ಅರ್ಜಿ ಹಾಕಿ ಕೂರ್ತಾರೆ. ಊರಲ್ಲಿರುವ ಈ ವಾರಗಳಲ್ಲಿ ಅರ್ಧ ದಿನ ಭಾಷೆಗೆ ಕೊಡಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, 2024ರ ಮಾರ್ಚಿಗೆ ಮುಂಚೆ 120 ಇತ್ತು. ಆ ದಿನಗಳನ್ನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಲು ಕಳೀತೀರೋ, ನಿಮ್ಮ ಓದಿಗೆ ಸಂಬಂಧಪಟ್ಟ ವೆರ್ಕ್‌ಸ್ಟುಡೆಂಟ್ (ಓದುತ್ತಾ ಕಂಪನಿಯಲ್ಲಿ ಮಾಡುವ ಪಾರ್ಟ್‌ಟೈಮ್) ಕೆಲಸಕ್ಕೆ ಕೊಡ್ತೀರೋ ಅನ್ನೋದು ಸೆಪ್ಟೆಂಬರಿನಲ್ಲೇ ತೀರ್ಮಾನ ಆಗುತ್ತೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡ್ತಾರೆ, ನಿಜ. ಆ 18 ತಿಂಗಳು ಬಾಡಿಗೆ ಯಾರು ಕಟ್ತಾರೆ?

ಅಪ್ಪನ ಚಿಂತೆ ಇದ್ದರೆ ಅಪ್ಪ ಸಹಿ ಹಾಕಿದ ಸಾಲ ಬೇಗ ತೀರಿಸೋದೇ ದೊಡ್ಡ ಸೇವೆ.

---

ತೀರ್ಥಹಳ್ಳಿ_ಅಕ್ಕ

ಮಂಡಕ್ಕಿಯವರೇ, ಭಾಷೆ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಸಾಲದ ಮಾತು ಅಷ್ಟು ಸರಿ ಅನ್ನಿಸಲಿಲ್ಲ. ಕೊಯ್ಲಿಗೆ ಜನ ಸಿಗದೆ ಅಡಿಕೆ ಹಣ್ಣಾಗಿ ಉದುರುವಾಗ ಮೂರು ವರ್ಷದ ನಂತರ ತೀರುವ ಸಾಲ ಯಾರಿಗೂ ಆಸರೆ ಆಗಲ್ಲ. ಎರಡೂ ಬೇಕು.

---

ಒಬ್ಬ_ಅಪ್ಪ

ನಾನು ಆ ಕಡೆಯವನು, ಕಳಿಸಿಕೊಡುವವನು. ಕೊಪ್ಪದ ಹತ್ತಿರ ಮನೆ. ಮಗಳು ಹೊರದೇಶದಲ್ಲಿ ಓದುತ್ತಾಳೆ.

ಮಕ್ಕಳು ಎರಡನೇ ಸಲ ಹೊರಡುವ ಮುಂಚಿನ ವಾರ ಏನು ಮಾಡುತ್ತೀರಿ ಗೊತ್ತೇ? ಮನೆಯನ್ನೇ ರಿಪೇರಿ ಮಾಡಲು ಹೊರಡುತ್ತೀರಿ. ನನ್ನ ಮಗಳು ಅಂಗಳಕ್ಕೆ ಸಿಸಿಟಿವಿ ಹಾಕಿಸಿದಳು, ಗೋಡೆಗೆ ಫೋನ್ ನಂಬರಿನ ಪಟ್ಟಿ ಅಂಟಿಸಿದಳು, ಮಾತ್ರೆಗೆ ವಾರದ ಡಬ್ಬಿ ತಂದಳು. ಮೊದಲ ಗುಡುಗು ಮಳೆಗೆ ಸಿಡಿಲು ಬಡಿದು ರೂಟರು, ಕ್ಯಾಮೆರಾ ಎರಡೂ ಸುಟ್ಟವು. ಡಬ್ಬಿ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬಂದಿದೆ. (ಮಲೆನಾಡಿನವರಿಗೆ ಒಂದು ಸೂಚನೆ: ಮಿಂಚು ಶುರುವಾದ ಕೂಡಲೇ ರೂಟರಿನ ಪ್ಲಗ್ ಕೀಳಲು ಮನೆಯವರಿಗೆ ಕಲಿಸಿ ಹೋಗಿ. ಕ್ಯಾಮೆರಾಕ್ಕಿಂತ ಅದು ಮುಖ್ಯ.)

ಮಾಣಿ, ನಿನ್ನ ಅಪ್ಪನ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಇರುವ ದಿನಗಳಲ್ಲಿ ಬೆಳಿಗ್ಗೆ ನನ್ನ ಜೊತೆ ತೋಟಕ್ಕೆ ಬಂದರೆ ಸಾಕು ಅನಿಸುತ್ತಿತ್ತು. ಅವಳು ಆ ಹೊತ್ತಿನಲ್ಲಿ ಕ್ಯಾಮೆರಾದವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಳು.

ಇನ್ನೊಂದು, ಏರ್‌ಪೋರ್ಟಿಗೆ ಕರೆದುಕೊಂಡು ಹೋಗಬೇಡ. ಮೊದಲ ಸಲ ನಾವು ರಾತ್ರಿಯೆಲ್ಲ ಕಾರಿನಲ್ಲಿ ಹೋಗಿ, ಆ ಎರಡನೇ ಟರ್ಮಿನಲ್ಲಿನ ಬಾಗಿಲಲ್ಲಿ ಐದು ನಿಮಿಷ ನಿಂತು, ಮತ್ತೆ ಇಡೀ ಹಗಲು ವಾಪಸ್ ಬಂದೆವು. ಈಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೇ ಬೀಳ್ಕೊಡುತ್ತೇವೆ. ಬಸ್ಸು ತಡವಾದರೆ ಹೋಟೆಲಿನಲ್ಲಿ ಒಂದು ಚಹಾ ಕುಡಿಯಲೂ ಆಗುತ್ತದೆ.

---

ಮಂಡ್ಯ_ಮುದ್ದೆ

ಸಾರ್, ನಮ್ಮಪ್ಪಂಗೆ ಈ ಮಾತು ಹೇಳಿ. ಏರ್‌ಪೋರ್ಟಿಗೆ ಬರಬೇಡ ಅಂದ್ರೆ ಎರಡು ಟೆಂಪೋ ಟ್ರಾವೆಲರ್ ಮಾಡ್ಕೊಂಡು ಊರನ್ನೇ ಕರ್ಕೊಂಡು ಬರ್ತಾರೆ.

---

ತೋಟದಮನೆ_ಮಾಣಿ

ಎಲ್ಲರ ಮಾತನ್ನೂ ಓದಿದೆ. ಅಕ್ಕ, ನಿಮ್ಮ ಪ್ರಶ್ನೆಗಳ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ. "ದರ ಮಾತ್ರ ಕೇಳಡ, ಬಿದ್ದಾಗ ಅಪ್ಪಯ್ಯಂಗೆ ಸಿಟ್ಟು ಬತ್ತು" ಅಂದರು. ಅದನ್ನು ಬಿಟ್ಟು ಉಳಿದದ್ದು ಕೇಳ್ತೇನೆ.

ನಿನ್ನೆ ಅಪ್ಪನ ಜೊತೆ ಹೋಗಿ ಕೊನೆಗೌಡನ ಮನೆಯಲ್ಲೇ ಕೂತು ಮಾತಾಡಿ ಬಂದೆ. ಕೊಯ್ಲಿಗೆ ಮೂರು ದಿನ ಹಿಡಿದಿಟ್ಟಿದ್ದೇವೆ, ಮುಂಗಡ ಕೊಟ್ಟಾಗಿದೆ. ನನ್ನ ನಂಬರ್ ಅವನಿಗೆ ಕೊಟ್ಟಿದ್ದೇನೆ, ಅವನದ್ದು ನನ್ನ ಬಳಿ ಇದೆ. ದೀಪಾವಳಿ ಕಳೆದ ಮೇಲೆ ನಾನೇ ಅಲ್ಲಿಂದ ಒಮ್ಮೆ ಫೋನ್ ಮಾಡಿ ನೆನಪಿಸೋದು ಅಂತ ಮಾತಾಗಿದೆ. ಅಪ್ಪನಿಗೆ ಅವನಿಗೆ ಪದೇ ಪದೇ ಫೋನ್ ಮಾಡೋದು ಒಂಥರಾ ಸಂಕೋಚ, ನನಗಿಲ್ಲ. ಮಾವನ ಮಗ ದೀಪಾವಳಿ ರಜೆಗೆ ಬಂದು ನಾಲ್ಕು ದಿನ ನಿಲ್ಲುತ್ತಾನಂತೆ. ಸಾಲದ ಕಾಗದ ಬ್ಯಾಂಕಿನಿಂದ ತಂದು ಸ್ಕ್ಯಾನ್ ಮಾಡಿ ತಂಗಿಗೂ ಕಳಿಸಿದೆ.

ಮಂಡಕ್ಕಿಯವರೇ, ನನ್ನದು ಎ2. ಬಿ1 ಪರೀಕ್ಷೆಗೆ ಡಿಸೆಂಬರಿಗೆ ಕಟ್ಟಿದ್ದೇನೆ. ಬೆಳಿಗ್ಗೆ ತೋಟ, ಮಧ್ಯಾಹ್ನದ ಮೇಲೆ ಜರ್ಮನ್ ವ್ಯಾಕರಣದ ಡೇಟಿವ್, ಅಕ್ಕ್ಯುಸಾಟಿವ್.

ಪೆಟ್ಟಿಗೆ ಇನ್ನೂ ಜಗಳದಲ್ಲಿದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ನೇತುಹಾಕಿ ನೋಡಿದರೆ 23ರ ಮೇಲೆ ಎರಡೂವರೆ ಕೆಜಿ ಜಾಸ್ತಿ. ಅಪ್ಪೆಮಿಡಿ ಉಪ್ಪಿನಕಾಯಿ ಒಂದೇ ಎರಡು ಕೆಜಿ ಇದೆ. ಅಮ್ಮ ಬಾಟಲಿಯ ಬಾಯಿಗೆ ಹಾಲಿನ ಕವರು ಕತ್ತರಿಸಿ ಇಟ್ಟು, ಮೇಲೆ ಮುಚ್ಚಳ ತಿರುಗಿಸಿ, ಅದಕ್ಕೆ ಸೆಲ್ಲೋಟೇಪು ಸುತ್ತಿ, ಪಂಚೆಯ ತುಂಡಿನಲ್ಲಿ ಕಟ್ಟಿ, ಎರಡು ಜಿಪ್ ಕವರಿನಲ್ಲಿ ಹಾಕಿದ್ದಾರೆ. ಇಷ್ಟಾದ ಮೇಲೆ ಅದನ್ನು ತೆಗೀತೀನಿ ಅನ್ನೋ ಧೈರ್ಯ ನನಗಿಲ್ಲ, ಪುಸ್ತಕ ತೆಗೆದೆ. ತುಪ್ಪ ಬೇಡ ಅಂದದ್ದಕ್ಕೆ ಮುಖ ಗಂಟು ಹಾಕಿಕೊಂಡಿದ್ದಾರೆ. ಕಾನೂನು ಅಂತ ಹೇಳಿದರೂ ನಂಬಿಕೆ ಬಂದಿಲ್ಲ, ನಾನು ತೂಕ ಉಳಿಸಲು ಹೇಳುವ ನೆವ ಅಂತ ಅವರ ಅಭಿಪ್ರಾಯ.

ಚಟ್ನಿಪುಡಿಯಲ್ಲಿ ಕೊಬ್ಬರಿ ಇದೆ. ಅದಕ್ಕೂ ತಕರಾರು ಇದೆಯಾ?

---

ಪುತ್ತೂರು_ಕುಕ್ಕರ್

ಅದು ಹುರಿದು ಮೆಣಸು, ಬೇಳೆ ಜೊತೆ ಪುಡಿಯಾದದ್ದು. ನಾನು ತಗೊಂಡು ಹೋಗ್ತೇನೆ, ಬಿಚ್ಚಿಸಿದವರಿಲ್ಲ. ಇಡೀ ಗಿಟುಕು, ಹೋಳು, ತುರಿದು ಚೀಲ ತುಂಬಿದ್ದು, ಅದಕ್ಕೆ ತೊಂದರೆ. ಪುಡಿಯನ್ನು ದೊಡ್ಡ ಪೆಟ್ಟಿಗೆಯಲ್ಲೇ ಹಾಕಿ, ಕೈಚೀಲದಲ್ಲಿ ಇಟ್ಟರೆ ಸ್ಕ್ಯಾನಿಂಗಿನವರಿಗೆ ಅದೇನು ಅಂತ ವಿವರಿಸಿ ಮುಗಿಯುವಾಗ ಬೋರ್ಡಿಂಗ್ ಆಗಿರ್ತದೆ.

---

ಹಾಸನ_ಹೊಸಬ

ನಮಸ್ಕಾರ, ನಾನು ಏಪ್ರಿಲ್ ಇಂಟೇಕಿಗೆ ಟ್ರೈ ಮಾಡ್ತಿದ್ದೀನಿ. ಎಪಿಎಸ್ ಇನ್ನೂ ಬಂದಿಲ್ಲ. ಅದಿಲ್ಲದೆ ವೀಸಾಗೆ ಹಾಕಬಹುದಾ ಯಾರಾದ್ರೂ ಹೇಳ್ತೀರಾ?

---

ಧಾರವಾಡ_ಕಾಕಾ

ಇಲ್ಲ ತಮ್ಮಾ, ಇಲ್ಲಿ ಡಿಗ್ರಿ ಮುಗಿಸಿ ಹೊಂಟವರಿಗೆ 2022ರ ನವೆಂಬರಿನಿಂದ ಅದು ಕಡ್ಡಾಯ. ಭಾಳಷ್ಟು ಯುನಿವರ್ಸಿಟಿಯವರೂ ಅರ್ಜಿ ಜೋಡಿನ ಕೇಳತಾರ. ಇದಕ್ಕ ಬ್ಯಾರೆ ಒಂದು ಪ್ರಶ್ನಿ ಹಾಕು, ಅಲ್ಲೇ ಬರೀತೀನಿ. ಇಲ್ಲಿ ಬರದ್ರ ಮಾಣಿಯ ಉಪ್ಪಿನಕಾಯಿ ನಡುವ ಯಾರಿಗೂ ಸಿಗೂದಿಲ್ಲ.